ತುಳಸಿಕಟ್ಟೆಯೊಳಗಿನ ಮೋಟರು

ಯಲಬುರ್ಗಾದ ಆ ಹಳೆಯ ಓಣಿಗೆ ಆರು ದಿನಕ್ಕೊಮ್ಮೆ ನಳದ ನೀರು ಬರುತ್ತಿತ್ತು. ಮನೆಗಳೂ ಹಳೆಯವು, ನೆಲದೊಳಗಿನ ಪೈಪುಗಳೂ ಹಳೆಯವು. ನೀರು ಬಿಟ್ಟರೆಂದು ಗೊತ್ತಾದ ಕೂಡಲೇ ಅನುಸೂಯಾ ಅಡುಗೆಮನೆಯ ಗೋಡೆಯ ಕೆಂಪು ಸ್ವಿಚ್ಚು ಒತ್ತುತ್ತಿದ್ದಳು. ಒತ್ತಿದ ತಕ್ಷಣ ಅಂಗಳದ ತುಳಸಿಕಟ್ಟೆ ಗುಂಯ್ ಎಂದು ಸದ್ದು ಮಾಡುತ್ತಿತ್ತು.

ಇದರಲ್ಲಿ ದೇವರ ಮಹಿಮೆ ಏನೂ ಇರಲಿಲ್ಲ. ಕಟ್ಟೆಯ ಹೊಟ್ಟೆ ಟೊಳ್ಳಾಗಿತ್ತು, ಒಳಗೆ ಮೋಟರು ಇತ್ತು. ನಳದ ಪೈಪಿಗೇ ಮೋಟರು ಹಚ್ಚಿ ನೀರು ಎಳೆಯುವುದು ತಪ್ಪು, ಸಿಕ್ಕರೆ ಕಿತ್ತುಕೊಂಡು ಹೋಗುತ್ತಾರೆ ಎನ್ನುವುದು ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವಳ ಗಂಡ ಗೋವಿಂದರಾಜನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದವರೇ ತಾನೆ ಬಚ್ಚಿಡುವ ಜಾಗ ಹುಡುಕುವುದು! ತುಳಸಿಕಟ್ಟೆ ಒಡೆಸಿ ನೋಡುವ ಧೈರ್ಯ ಯಾರಿಗೂ ಬರಲಿಕ್ಕಿಲ್ಲ ಎಂದು ಎಂಟು ವರ್ಷದ ಹಿಂದೆ ಅದರೊಳಗೇ ಕೂರಿಸಿದ್ದ. ನೀರು ಬಿಡುವವನು ಓಣಿಯೊಳಗೆ ಬರುವುದು ಕಂಡರೆ ಅನುಸೂಯಾ ಗಂಟೆ ಹಿಡಿದು ಕಟ್ಟೆಯ ಮುಂದೆ ನಿಂತು ಗಟ್ಟಿ ದನಿಯಲ್ಲಿ ಆರತಿ ಹಾಡು ಶುರು ಮಾಡುತ್ತಿದ್ದಳು. ಮೋಟರಿನ ಸದ್ದು ಗಂಟೆಯ ಸದ್ದಿನಲ್ಲಿ ಮುಳುಗುತ್ತಿತ್ತು. ಆ ಮನುಷ್ಯ ಪಾಪ, ಚಪ್ಪಲಿ ಬಿಟ್ಟು ಕೈಮುಗಿದು ಮುಂದೆ ಹೋಗುತ್ತಿದ್ದ.

ಅನುಸೂಯಾ ಕೆಟ್ಟವಳೆಂದು ಯಾರೂ ಹೇಳುವಂತಿರಲಿಲ್ಲ. ಓಣಿಯಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಗಂಜಿ ಕಾಯಿಸಿ ಒಯ್ಯುತ್ತಿದ್ದವಳು ಅವಳೇ. ಮೋಟರಿನ ಮಾತು ಬೇರೆ. ಅದು ಎಲ್ಲರ ಮನೆಯಲ್ಲೂ ಇತ್ತು. ಬಾಜೂಮನೆಯ ಶಹನಾಜಬೇಗಂಳದು ಕೋಳಿಗೂಡಿನ ಹಿಂದೆ, ಎದುರುಮನೆಯ ಗೋಣೆಪ್ಪನದು ಜೋಳದ ಚೀಲಗಳ ನಡುವೆ. ಎಲ್ಲರದೂ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಓಣಿಯಲ್ಲಿ ಮೋಟರು ಇಲ್ಲದ ಮನೆ ಒಂದೇ, ತಗ್ಗಿನಲ್ಲಿದ್ದ ತುದಿಮನೆ, ಕರಿಯವ್ವನದು. ಆ ಓಣಿಯ ಬಾಣಂತಿಯರಿಗೆಲ್ಲ, ಹುಟ್ಟಿದ ಕೂಸುಗಳಿಗೆಲ್ಲ ಎಣ್ಣೆ ಹಚ್ಚಿ ನೀರೆರೆದವಳು ಕರಿಯವ್ವ.

ಈ ಚಳಿಗಾಲದಲ್ಲಿ ಅನುಸೂಯಾಳ ಮನೆಯಲ್ಲೂ ಬಾಣಂತನ ಬರುವುದಿತ್ತು. ಮಗಳು ದೀಪಿಕಾ ಏಳು ತಿಂಗಳ ಬಸುರಿ. ಚೊಚ್ಚಲ ಹೆರಿಗೆಯೆಂದು ಗಂಡನ ಮನೆ ಕಾರಟಗಿಯಿಂದ ಕರೆತಂದು ತಿಂಗಳಾಗಿತ್ತು. ಅಂಟಿನುಂಡೆಯ ಸಾಮಾನು ತಂದಿಟ್ಟಾಗಿತ್ತು, ಹಳೆಯ ಸೀರೆ ಹರಿದು ಕೂಸಿನ ಬಟ್ಟೆ ಮಾಡಿಟ್ಟಾಗಿತ್ತು. ಅಷ್ಟರಲ್ಲಿ ನಳದ ನೀರು ನಾರತೊಡಗಿತು. ಮೊದಲ ಸಲ ಸ್ವಲ್ಪ ಕೆಸರು ವಾಸನೆ, ಎರಡನೇ ಸಲ ಗಟಾರದ ವಾಸನೆಯೇ. ದೀಪಿಕಾಳಿಗೆ ವಾಂತಿ ಭೇದಿ ಹತ್ತಿತು. ಎರಡು ದಿನ ದವಾಖಾನೆಯಲ್ಲಿ ಸಲೈನು ಏರಿಸಬೇಕಾಯಿತು.

ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆಯೇ ನೀರಿನದು.

"ಕುಡ್ಯಾಕ ಕ್ಯಾನಿನ ನೀರ್ರಿ. ಶುದ್ಧ ನೀರಿನ ಘಟಕದ್ದು" ಎಂದಳು ಅನುಸೂಯಾ.

"ಬಾಯಿ ಮುಕ್ಕಳಸೂದು? ಪಲ್ಲೆ ತೊಳಿಯೂದು? ಅಕ್ಕಿ ತೊಳಿಯೂದು?"

ಅನುಸೂಯಾ ಮಗಳ ಕೈಗೆ ಹಚ್ಚಿದ್ದ ಸಲೈನಿನ ಕಡೆ ನೋಡಿದಳು.

"ಬಸುರಿ ಹೆಣ್ಮಗಳದಾಳ. ಇನ್ನೊಮ್ಮಿ ಹಿಂಗಾದ್ರ ಕೂಸಿಗೂ ತ್ರಾಸ. ಮೊದಲ ನೀರ ನೋಡ್ಕೊಳ್ರಿ" ಎಂದರು ಡಾಕ್ಟರಮ್ಮ.

ಮನೆಗೆ ಬರುವಷ್ಟರಲ್ಲಿ ಕಾರಟಗಿಯಿಂದ ಬೀಗತಿ ಮುದುಕಮ್ಮನ ಫೋನು ಬಂತು. ಮುದುಕಮ್ಮ ಜಗಳಗಂಟಿಯಲ್ಲ. ನೇರ ಮಾತಿನವಳು, ಅದೇ ಕಷ್ಟ.

"ತಪ್ಪ ತಿಳಕೋಬ್ಯಾಡ್ರಿ ಬೀಗ್ತೇರ. ಚೊಚ್ಚಲ ತವರಮನ್ಯಾಗ ಆಗಬೇಕು, ಖರೆ. ಆದ್ರ ಹುಡುಗಿ ಜೀವಾ ಮೊದಲ ಹೌದಲ್ರಿ? ನಮ್ಮ ಕಡಿ ನೀರ ಛಲೋ ಅದಾವ. ನಿಮ್ಮ ನೀರ ಸುದ್ದ ಆದ್ರ ಇರಲಿ. ಇಲ್ಲಾಂದ್ರ ನಾ ಗಾಡಿ ತಗೊಂಡ ಬಂದ ಕರಕೊಂಡ ಹೋಗ್ತೀನಿ."

ಅನುಸೂಯಾಳಿಗೆ ಇದ್ದವಳು ಒಬ್ಬಳೇ ಮಗಳು, ಇದೊಂದೇ ಬಾಣಂತನ. ತವರಿಗೆ ಬಂದ ಬಸುರಿ ನೀರು ಚೆನ್ನಾಗಿಲ್ಲವೆಂದು ತಿರುಗಿ ಹೋದಳು ಎಂದರೆ ಓಣಿಯಲ್ಲಿ ತಲೆ ಎತ್ತಿ ಹೇಗೆ ತಿರುಗುವುದು? ಅದಕ್ಕಿಂತ ಹೆಚ್ಚಾಗಿ, ಮಗಳಿಗೆ ಹೆರಿಗೆ ನೋವು ಶುರುವಾಗುವಾಗ ತಾನು ಹತ್ತಿರ ಇರುವುದಿಲ್ಲವಲ್ಲ!

ಗೋವಿಂದರಾಜ ವಿದ್ಯುತ್ ಕಂಬಕ್ಕೆ ಅಂಟಿಸಿದ್ದ ಚೀಟಿಯೊಂದರ ನಂಬರಿಗೆ ಫೋನು ಮಾಡಿದ. ಬೈಕಿನಲ್ಲಿ ಬಂದವನೊಬ್ಬ ಮಾಳಿಗೆಯ ನೀರಿನ ಟಾಕಿ ತೊಳೆದ, ಬಚ್ಚಲ ಪೈಪಿನ ಜೋಡಣೆಗೆ ಸೈಕಲ್ ಟ್ಯೂಬು ಬಿಗಿದು ಮೇಲೆ ಬಿಳಿ ಸಿಮೆಂಟು ಮೆತ್ತಿದ, ಇನ್ನು ಏನೂ ಆಗುವುದಿಲ್ಲವೆಂದು ಹೇಳಿ ಹೋದ. ಬಿಳಿ ಸಿಮೆಂಟು ಮರುದಿನವೇ ಉದುರಿತು. ಫೋನು ಮಾಡಿದರೆ ಎತ್ತಲಿಲ್ಲ.

"ಜಿಲಾನಸಾಬನ್ನ ಕರೀರಿ" ಎಂದಳು ಅನುಸೂಯಾ.

"ಅವನ ಬ್ಯಾಡ. ಚೀಲಾ ಬಿಚ್ಚೂದ್ಕಿಂತ ಮೊದಲ ನೂರಾ ಎಂಟ ಪ್ರಶ್ನಿ ಕೇಳ್ತಾನ."

ಅಸಲು ಕಾರಣ ಅದಲ್ಲ. ತುಳಸಿಕಟ್ಟೆಯಲ್ಲಿ ಮೋಟರು ಕೂರಿಸಿಕೊಟ್ಟವನೇ ನಳ ಪೈಪಿನ ಕೆಲಸದ ಈ ಜಿಲಾನಸಾಬ. ಮೂರು ವರ್ಷದ ಹಿಂದೆ ಅದು ಕೆಟ್ಟಾಗ ರಿಪೇರಿಗೆ ಕರೆದರೆ, 'ಕಿತ್ತ ಕೊಡಂದ್ರ ಕೊಡ್ತೀನಿ, ರಿಪೇರಿ ಮಾಡೂದಿಲ್ಲ' ಎಂದು ಹೇಳಿ ಹೋಗಿದ್ದ. ಬೇರೆಯವನಿಂದ ರಿಪೇರಿ ಮಾಡಿಸಿಕೊಂಡ ಗೋವಿಂದರಾಜ ಅಂದಿನಿಂದ ಎದುರಿಗೆ ಸಿಕ್ಕರೂ ಮುಖ ತಿರುಗಿಸುತ್ತಿದ್ದ. ಆದರೆ ಮಗಳ ಮುಖ ನೋಡಿ ಈಗ ತಾನೇ ಹೋಗಿ ಕರೆತಂದ.

ಅರವತ್ತು ದಾಟಿದ ಜಿಲಾನಸಾಬ ಜಗಲಿಯ ಮೇಲೆ ಕೂತ. ಗೋವಿಂದರಾಜ ಹೇಳಿದಂತೆಯೇ ಚೀಲ ಬಿಚ್ಚಲಿಲ್ಲ. ಒಂದು ಚೆಂಬು ನಳದ ನೀರು ತರಿಸಿ ಮೂಸಿ ನೋಡಿದ.

"ನೀರ ಬಂದ ಕೂಡ್ಲೇ ವಾಸನಿ ಇರತೈತೋ, ಆಮ್ಯಾಲ ಬರತೈತೋ ಅಕ್ಕಾರ?"

"ಯಾರ್ ನೋಡ್ಯಾರ ಜಿಲಾನಸಾಬ. ನೀರ ಬಂದ್ರ ಸಾಕಾಗಿರತೈತಿ."

ಒಳಗೆ ಮಂಚದ ಮೇಲೆ ಮಲಗಿದ್ದ ದೀಪಿಕಾ ಅಲ್ಲಿಂದಲೇ ಹೇಳಿದಳು: "ಹೋದ ಸಲ ಅರ್ಧಾ ತಾಸು ಕರೆಂಟ್ ಇರಲಿಲ್ಲ ನೋಡಬೇ, ಆವಾಗ ಹಿಡದ ಎರಡ ಕೊಡದಾಗ ವಾಸನಿ ಇರಲಿಲ್ಲ. ನಾನ ತುಂಬೇನಿ."

ಜಿಲಾನಸಾಬ ತಲೆಯಾಡಿಸಿದ. ಎದ್ದು ಮನೆಯ ಮುಂದಿನ ಗಟಾರದ ಮೇಲಿನ ಚಪ್ಪಡಿ ಎತ್ತಿಸಿದ. ನಲವತ್ತು ವರ್ಷದ ಹಿಂದಿನ ಕಬ್ಬಿಣದ ಪೈಪು ಗಟಾರದ ರಾಡಿಯೊಳಗೇ ಹಾಯ್ದು ಮನೆಗೆ ಬಂದಿತ್ತು. ಚೀಲದಿಂದ ನಟ್ಟು ಬಿಚ್ಚುವ ಪಾನಾ ತೆಗೆದು ಮೆಲ್ಲಗೆ ಬಡಿದ. ಪೈಪಿನ ಸಿಪ್ಪೆ ಕಳಚಿ ಬಿತ್ತು. ಹೆಬ್ಬೆರಳು ತೂರುವಷ್ಟು ದೊಡ್ಡ ತೂತು.

"ನೋಡ್ರಿ ಸಾಹೇಬ್ರ. ನೀರ ತಾನಾಗೇ ಬರುವಾಗ ಒಳಗಿಂದ ಹೊರಗ ಸೋರತೈತಿ, ಅಷ್ಟ. ಮೋಟರ್ ಹಚ್ಚಿದ್ರಿ ಅಂದ್ರ ಹೊರಗಿಂದ ಒಳಗ ಜಗ್ಗತೈತಿ. ಹೊರಗ ಏನೈತಿ? ನೀವ ನೋಡಾಕ ಹತ್ತೀರಲ್ಲ."

ಅನುಸೂಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗೋವಿಂದರಾಜನಿಗೆ ಸಿಟ್ಟು ಬಂತು. ತಪ್ಪು ತನ್ನದೆಂದು ತಿಳಿದಾಗ ಅವನಿಗೆ ಮೊದಲು ಬರುತ್ತಿದ್ದುದೇ ಅದು.

"ಮೋಟರ್ ಹಚ್ಚದ ಏನ ಮಾಡೂದೋ ಮಾರಾಯಾ? ಎಲ್ಲಾರೂ ಹಚ್ಯಾರ. ನಾ ಒಬ್ಬಾವ ಬಿಟ್ರ ನನ್ನ ಪಾಲಿನ ನೀರ ಅವರ ಟಾಕಿಗಿ ಹೋಗತೈತಿ. ನಾ ಏನ್ ಹೌಸಿಗಿ ಹಚ್ಚೇನೇನು?"

"ನಿಮ್ಮನ್ನ ಅನ್ನಾಕ ನನಗ ಬಾಯಿ ಇಲ್ರಿ" ಎಂದ ಜಿಲಾನಸಾಬ. "ಈ ಓಣ್ಯಾಗಿನ ಹನ್ನೊಂದು ಮೋಟರ್‌ನ್ಯಾಗ ಒಂಬತ್ತು ನಾನ ಕುಂಡ್ರಿಸೇನಿ. ಮೊದಲ ಒಂದ ಮನಿಗಿ ಹಚ್ಚಿದೆ. ಬಾಜೂ ಮನಿಗಿ ನೀರ ಕಡಿಮಿ ಆತು, ಅವರೂ ಕರದ್ರು. ಅವರಿಗಿ ಹಚ್ಚಿದೆ, ಅವರ ಬಾಜೂದವ್ರು ಕರದ್ರು. ಹಂಗ ಮನಿ ಮನಿ ಹಿಡಕೊಂಡ ತುದಿ ತನಕಾ ಹೋದೆ. ತುದಿಮನಿ ಕರಿಯವ್ವಗ ಮೋಟರ್ ತರೂ ತ್ರಾಣ ಇರಲಿಲ್ಲ. ಆಕಿ ನಳಾ ಒಣಗಿ ಹೋತು. ಅವತ್ತಿಂದ ಈ ಕೆಲಸಕ್ಕ ಕೈ ಹಚ್ಚಿಲ್ರಿ ನಾ. ಆದ್ರ ಮಾಡಿದ್ದು ಮಾಡೇ ಬಿಟ್ಟೇನಲ್ಲ."

ಜಿಲಾನಸಾಬ ಕೆಲಸ ಶುರು ಮಾಡಿದ. ಸಂಜೆಯೊಳಗೆ ಕೊಳೆತ ಪೈಪು ಕತ್ತರಿಸಿ ತೆಗೆದು, ಗಟಾರಕ್ಕಿಂತ ಗೇಣು ಮೇಲೆ ಹೊಸ ಪ್ಲಾಸ್ಟಿಕ್ ಪೈಪು ಹಾಯಿಸಿದ. ಚೀಲ ಕಟ್ಟುವಾಗ ತುಳಸಿಕಟ್ಟೆಯ ಕಡೆ ನೋಡಿ ಕೇಳಿದ: "ಇದನ್ನ ತೆಗೀಲೇನ್ರಿ?"

ಗೋವಿಂದರಾಜ ಹೆಂಡತಿಯ ಮುಖ ನೋಡಿದ.

"ಇರಲಿ ಬಿಡ್ರಿ" ಎಂದಳು ಅನುಸೂಯಾ. "ಬಾಣಂತಿ ಮನಿ ಆಗೂದೈತಿ. ನೀರ ಭಾಳ ಬೇಕಾಗತೈತಿ."

ಜಿಲಾನಸಾಬ ಚೀಲ ಹೆಗಲಿಗೇರಿಸಿ ಹೋದ. ಕತ್ತರಿಸಿದ ಪೈಪಿನ ತುಂಡು ಜಗಲಿಯ ಮೂಲೆಯಲ್ಲೇ ಉಳಿಯಿತು.

ಮುಂದಿನ ನೀರಿನ ದಿನ ಅನುಸೂಯಾ ಮೊದಲ ಕೊಡಕ್ಕೆ ಮೂಗು ಹಿಡಿದು ನೋಡಿದಳು. ವಾಸನೆ ಇಲ್ಲ! ಎರಡನೆಯದೂ ಚೆನ್ನಾಗಿತ್ತು. ಖುಷಿಯಿಂದ ಮುದುಕಮ್ಮನಿಗೆ ಫೋನು ಮಾಡಲು ಹೊರಟಳು. ಐದನೇ ಕೊಡ ತುಂಬುವ ಹೊತ್ತಿಗೆ ದೀಪಿಕಾ ಮೂಗು ಮುಚ್ಚಿಕೊಂಡು ಬಚ್ಚಲಿನಿಂದ ಹೊರಗೆ ಬಂದಳು. "ಮತ್ತ ನಾರಾಕ ಹತ್ತೈತಿ ಯವ್ವಾ."

ಅನುಸೂಯಾ ಜಿಲಾನಸಾಬನಿಗೆ ಫೋನು ಹಚ್ಚಿ, "ಏನ ಕೆಲಸಾ ಮಾಡಿದ್ಯೋ ಮಹಾರಾಯಾ" ಎಂದು ಬೈದಳು. ಅವನು ಪೂರ್ತಿ ಬೈಸಿಕೊಂಡು ಆಮೇಲೆ ಹೇಳಿದ:

"ನಿಮ್ಮ ಪೈಪ ಗಟ್ಟಿ ಐತ್ರಿ ಅಕ್ಕಾರ. ಓಣ್ಯಾಗ ಇನ್ನೆಲ್ಲೋ ಬಾಯಿ ತೆರದೈತಿ. ಮೋಟರ್ ನಡದಿದ್ದಾಗ ತುದಿ ತನಕಾ ಹೋಗಿ ನೋಡಿ ಬರ್ರಿ. ನಾನೂ ಬರ್ತೀನಿ."

ತುದಿಯಲ್ಲಿದ್ದದ್ದು ಕರಿಯವ್ವನ ಮನೆ. ಅನುಸೂಯಾ ಆ ಕಡೆ ಹೋಗಿ ಎಷ್ಟು ತಿಂಗಳಾಗಿತ್ತೋ. ಕೆಲಸವಿದ್ದಾಗ ಕರಿಯವ್ವನೇ ಬರುತ್ತಿದ್ದಳು. ನೀರಿನ ಒತ್ತಡ ಕಡಿಮೆಯೆಂದು ಆ ಮನೆಯ ಮುಂದೆ ನೆಲ ಅಗೆದು ಮೊಳಕಾಲುದ್ದದ ಗುಂಡಿ ಮಾಡಿ ಅದರೊಳಗೆ ನಳ ಇಟ್ಟಿದ್ದರು. ನಳಕ್ಕೆ ತಿರುಪು ಇರಲಿಲ್ಲ, ಬಾಯಿ ಸದಾ ತೆರೆದೇ ಇತ್ತು. ಗುಂಡಿಯ ತಳದಲ್ಲಿ ಪಾತ್ರೆ ತೊಳೆದ ನೀರು, ಪಕ್ಕದ ಗಟಾರದಿಂದ ಒಸರಿದ ನೀರು ಎಲ್ಲ ಸೇರಿ ಕರ್ರಗೆ ನಿಂತಿತ್ತು. ನಳದ ಬಾಯಿ ಆ ನೀರಿನೊಳಗೆ ಅರ್ಧ ಮುಳುಗಿತ್ತು.

ಅನುಸೂಯಾಳಿಗೆ ತಡೆಯಲಾಗಲಿಲ್ಲ.

"ಕರಿಯವ್ವಾ, ಏನ್ ಹೊಲಸ ಮಾಡಿಟ್ಟೀಯವ್ವಾ ಇದು! ನಿನ್ನ ನಳದಾಗಿನ ಹೊಲಸೆಲ್ಲಾ ನಮ್ಮನಿಗಿ ಬರಾಕ ಹತ್ತೈತಿ. ನನ್ನ ಮಗಳು ಸಾಯೂದೊಂದ ಬಾಕಿ!"

ಕರಿಯವ್ವ ಊರಿನ ಬೋರಿನಿಂದ ಹೊತ್ತು ತಂದ ಕೊಡ ಇಳಿಸುತ್ತಿದ್ದಳು. ಇಳಿಸಿ, ಸಿಂಬಿ ತೆಗೆದು ಪಕ್ಕಕ್ಕಿಟ್ಟಳು. ಅವಳಿಗೆ ಸಿಟ್ಟು ಬಂದಂತೆ ಕಾಣಲಿಲ್ಲ.

"ನಾ ಎಲ್ಲಿ ಕಳಸ್ತೀನಿ ತಂಗಿ? ನೀವ ಜಗ್ಗಾಕ ಹತ್ತೀರಿ" ಎಂದಳು. "ಐದ ವರ್ಸ ಆತು ಇದರಾಗ ಒಂದ ಹನಿ ಬಂದಿಲ್ಲ. ನೀರ ಬಿಟ್ಟಾರಂತ ನನಗ ಹ್ಯಾಂಗ ಗೊತ್ತಾಗತೈತಿ ಹೇಳ? ಈ ನಳಾ ಬುಸ್ ಬುಸ್ ಅಂತ ಉಸರ ಎಳ್ಯಾಕ ಹತ್ತತೈತಿ. ಆವಾಗ ತಿಳಕೋತೀನಿ, ಮ್ಯಾಲಿನ ಮನಿಗೋಳಿಗಿ ನೀರ ಬಂತು ಅಂತ. ಕೊಡಾ ತಗೊಂಡ ಬೋರಿಗಿ ಹೋಗ್ತೀನಿ. ಬಾ ಇಲ್ಲೆ, ಕೈ ಇಟ್ಟ ನೋಡು."

ಅನುಸೂಯಾ ಗುಂಡಿಗೆ ಇಳಿದು ನಳದ ಬಾಯಿಗೆ ಅಂಗೈ ಒಡ್ಡಿದಳು. ನಳ ಅವಳ ಅಂಗೈಯನ್ನು ಗಟ್ಟಿಯಾಗಿ ಹೀರಿ ಹಿಡಿಯಿತು. ಅವಳು ಬೆಚ್ಚಿ ಕೈ ಕಿತ್ತುಕೊಂಡಳು. ಅಂಗೈಯ ಮಧ್ಯೆ ಕೆಂಪಗೆ ಉಂಗುರದಂಥ ಗುರುತು ಬಿದ್ದಿತ್ತು. ಗುಂಡಿಯ ಕರಿನೀರು ಅವಳ ಕಣ್ಣೆದುರಿಗೇ ಗೊರ ಗೊರ ಎನ್ನುತ್ತ ನಳದೊಳಗೆ ಹೋಗುತ್ತಿತ್ತು.

ಅವಳ ಮನೆಯ ಕೆಂಪು ಸ್ವಿಚ್ಚು ಆ ಹೊತ್ತಿನಲ್ಲೂ ಒತ್ತಿಯೇ ಇತ್ತು. ಅನುಸೂಯಾಳಿಗೆ ಅದು ನೆನಪಾಯಿತು. ಇಷ್ಟು ವರ್ಷ ತಾನು ಎಳೆದದ್ದು ಏನು, ಯಾರದು ಎಂದು ಅವಳಿಗೆ ಆಗ ತಿಳಿಯಿತು. ನಾಚಿಕೆಯಿಂದ ಅವಳ ಮುಖ ಸುಟ್ಟಂತಾಯಿತು. ಇದೇ ಕರಿಯವ್ವ ಇಪ್ಪತ್ತಾರು ವರ್ಷದ ಹಿಂದೆ ದೀಪಿಕಾಳನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆದಿದ್ದಳು. ನಾಳೆ ದೀಪಿಕಾಳ ಕೂಸಿಗೆ ಎರೆಯಬೇಕಾದವಳೂ ಇವಳೇ.

"ನೀ ಇಷ್ಟ ವರ್ಸ ಯಾಕ ಹೇಳಲಿಲ್ಲ ಕರಿಯವ್ವಾ?"

"ಯಾರಿಗಿ ಹೇಳಲಿ? ಎಲ್ಲಾರೂ ನಂಗ ಬೇಕಾದವ್ರ" ಎಂದಳು ಕರಿಯವ್ವ.

ಅಷ್ಟರಲ್ಲಿ ಗೋವಿಂದರಾಜ, ಅವನ ಹಿಂದೆ ಜಿಲಾನಸಾಬ ಬಂದರು. ಗೋವಿಂದರಾಜ ಗುಂಡಿಯನ್ನು ನೋಡಿ ಒಂದು ನಿಮಿಷದಲ್ಲಿ ಪರಿಹಾರ ಹೇಳಿದ.

"ಇಷ್ಟ ಹೌದಲ್ಲ! ಈ ನಳಕ್ಕ ಒಂದ ಬಿರಡಿ ಬಿಗದ ಬಿಡು ಜಿಲಾನಸಾಬ. ಹೆಂಗೂ ನೀರ ಬರೂದಿಲ್ಲ. ನಮ್ಮ ನೀರೂ ಸುದ್ದ ಆಗತೈತಿ, ಮುಗೀತು."

ಜಿಲಾನಸಾಬ ಕದಲಲಿಲ್ಲ. ಕರಿಯವ್ವ ತನ್ನ ನಳವನ್ನು ನೋಡುತ್ತ ನಿಂತಳು. ಬಿರಡೆ ಬಿಗಿದರೆ ಮಗಳು ತವರಿನಲ್ಲೇ ಉಳಿಯುತ್ತಾಳೆ. ಅನುಸೂಯಾಳಿಗೆ ಅದು ಹೊಳೆಯದೆ ಇರಲಿಲ್ಲ. ಒಂದು ಕ್ಷಣ ಆಸೆಯೂ ಆಯಿತು, ಸುಳ್ಳೇಕೆ ಹೇಳಬೇಕು. ಆದರೆ ಅಂಗೈ ಇನ್ನೂ ಉರಿಯುತ್ತಿತ್ತು.

"ಆಕಿ ಬಾಯಿ ಮುಚ್ಚೂದ ಬ್ಯಾಡ" ಎಂದಳು. "ನಮ್ಮದ ತೆಗೀರಿ."

"ಹುಚ್ಚ ಹಿಡದೈತೇನ ನಿನಗ? ನಮ್ಮದೊಂದ ತೆಗದ್ರ ಆಕಿಗಿ ನೀರ ಬರತೈತೇನು? ಇನ್ನೂ ಹತ್ತು ಅದಾವ!"

"ಹತ್ತೂ ಮನಿಯವ್ರನ್ನ ಕರೀತೀನಿ."

ಕರೆದೇಬಿಟ್ಟಳು. ನೀರು ಇನ್ನೂ ಅರ್ಧ ತಾಸು ಇರುವುದಿತ್ತು. ಅನುಸೂಯಾ ಓಣಿಯುದ್ದಕ್ಕೂ ಬಾಗಿಲು ಬಡಿಯುತ್ತ ಹೋದಳು, "ಕೊಡಾ ಹಂಗ ಬಿಟ್ಟ ಬರ್ರಿ, ಮೋಟರ್ ಬಂದ್ ಮಾಡಬ್ಯಾಡ್ರಿ" ಎಂದು ಎಲ್ಲರಿಗೂ ಹೇಳಿದಳು. ಮೊದಲು ಬಂದವಳು ಶಹನಾಜಬೇಗಂ. ನಳಕ್ಕೆ ಕೈ ಇಟ್ಟು, "ಯಾ ಅಲ್ಲಾ" ಎಂದು ಎದೆಗೆ ಕೈ ಒತ್ತಿಕೊಂಡಳು. ಗುಂಡಿಯ ನೀರು ಒಳಗೆ ಹೋಗುವುದನ್ನು ನೋಡಿ ಅವಳಿಗೆ ಓಕರಿಕೆ ಬಂತು. "ನಮ್ಮ ಸಣ್ಣಾಕಿಗಿ ತಿಂಗಳಿಂದ ಹೊಟ್ಟಿ ನೋವು. ಬಾಳಿಹಣ್ಣ ತಿಂದ ಆಗೈತಿ ಅಂತಿದ್ದೆ" ಎಂದಳು. ಒಬ್ಬರ ಹಿಂದೆ ಒಬ್ಬರು ಇಳಿದು ಕೈ ಇಟ್ಟರು. ಅಂಗೈಯ ಕೆಂಪು ಗುರುತನ್ನು ಒಬ್ಬರಿಗೊಬ್ಬರು ತೋರಿಸಿಕೊಂಡರು.

ಕೊನೆಗೆ ಬಂದ ಗೋಣೆಪ್ಪ ಕೈ ಇಟ್ಟು ನೋಡಿ ಪಂಚೆಗೆ ಒರೆಸಿಕೊಂಡ.

"ಎಲ್ಲಾ ಖರೆ. ಆದ್ರ ಮೊದಲ ಯಾರ ತೆಗೀಬೇಕು? ನಾ ತೆಗದ ಕುಂತ ಮ್ಯಾಲ ನೀವು ಸುಮ್ಕ ಹಚ್ಚಿದ್ರ? ನಮ್ಮನ್ಯಾಗ ದನಾ ಅದಾವ, ಎರಡ ಎಮ್ಮಿ ಅದಾವ. ಅವಕ್ಕ ನಾ ಏನ್ ಹೇಳ್ಲಿ?"

ಅವನ ಮಾತು ಸುಳ್ಳಾಗಿರಲಿಲ್ಲ.

"ನಾ ತೆಗೀತೀನಿ. ಕಣ್ಣಾರೆ ನೋಡ ಬಾ" ಎಂದಳು ಅನುಸೂಯಾ.

ಎಲ್ಲರೂ ಅವಳ ಅಂಗಳಕ್ಕೆ ಬಂದರು. ಅನುಸೂಯಾ ತುಳಸಿ ಗಿಡವನ್ನು ಮಣ್ಣಿನ ಸಮೇತ ಎತ್ತಿ ಬಕೀಟಿನಲ್ಲಿಟ್ಟಳು. ಜಿಲಾನಸಾಬ ಕಟ್ಟೆಯ ಹಿಂದಿನ ಕಲ್ಲು ಸರಿಸಿದ. ತಾನೇ ಬಿಗಿದಿದ್ದ ನಟ್ಟುಗಳನ್ನು ತಾನೇ ಬಿಚ್ಚಿ, ಎಣ್ಣೆ ಜಿಡ್ಡಿನ ಮೋಟರನ್ನು ಹೊರಗೆ ತೆಗೆದ. ಅನುಸೂಯಾ ಅದನ್ನು ಎತ್ತಿ ಬೀದಿಯ ಕಡೆಯ ಜಗಲಿಯ ಮೇಲೆ, ಕೊಳೆತ ಪೈಪಿನ ತುಂಡಿನ ಪಕ್ಕ ಇಟ್ಟಳು. ಗೋವಿಂದರಾಜ, "ಯಾರರೆ ನೋಡಿದ್ರ" ಎಂದು ಬಾಗಿಲ ಮರೆಗೆ ಸರಿದ.

"ನೋಡ್ಲಿ" ಎಂದಳು. "ಎಂಟ ವರ್ಸ ಗಂಟಿ ಬಾರ್ಸೇನಿ. ಸಾಕಾಗೈತಿ."

ಶಹನಾಜಬೇಗಂ ಫಕ್ಕನೆ ನಕ್ಕು, ಏನೂ ಗೊತ್ತಿರದವಳಂತೆ ಹೇಳಿದಳು: "ಹೌದ ನೋಡಕ್ಕಾ, ನಾನೂ ಅಂತಿದ್ದೆ, ಅನುಸೂಯಕ್ಕಗ ಆರ ದಿನಕ್ಕೊಮ್ಮೆನ ಯಾಕ ಇಷ್ಟ ಭಕ್ತಿ ಉಕ್ಕತೈತಿ ಅಂತ!" ಎಲ್ಲರೂ ನಕ್ಕರು. ಅನುಸೂಯಾಳೂ ನಕ್ಕಳು. ನಗುವಾಗಲೇ ಕಣ್ಣಲ್ಲಿ ನೀರು ಬಂತು.

"ಮಾಳಿಗಿ ಟಾಕಿಗಿ ಏರಸಾಕ ಮೋಟರ್ ಬೇಕಂದ್ರ ಅದಕ್ಕೂ ದಾರಿ ಐತ್ರಿ" ಎಂದ ಜಿಲಾನಸಾಬ ಎಲ್ಲರಿಗೂ ಕೇಳುವಂತೆ. "ನೆಲದಾಗ ಒಂದ ತೊಟ್ಟಿ ಕಟ್ಟಿಸ್ರಿ. ನಳದ ನೀರ ತಾನಾಗೇ ಅದಕ್ಕ ಬೀಳಲಿ. ತೊಟ್ಟಿಯಿಂದ ಮ್ಯಾಲ ಏರಿಸಿದ್ರ ಯಾರದೂ ತಕರಾರಿಲ್ಲ. ನಾನ ಕುಂಡ್ರಿಸಿದ ಒಂಬತ್ತನ್ನೂ ನಾನ ಸರಿಸಿ ಕೊಡ್ತೀನಿ, ಕೂಲಿ ಬ್ಯಾಡ."

ಆ ಸಂಜೆ ಅನುಸೂಯಾ ಮುದುಕಮ್ಮನಿಗೆ ಫೋನು ಮಾಡಿ ಒಂದನ್ನೂ ಮುಚ್ಚಿಡದೆ ಹೇಳಿದಳು. ತುಳಸಿಕಟ್ಟೆಯ ಮಾತು ಹೇಳುವಾಗ ನಾಲಿಗೆ ತಡವರಿಸಿತು, ಆದರೂ ಹೇಳಿದಳು.

"ಇನ್ನೊಂದ ನೀರ ನೋಡೂಣು" ಎಂದಳು ಮುದುಕಮ್ಮ ಎಲ್ಲ ಕೇಳಿದ ಮೇಲೆ. "ಅವತ್ತ ನಾನ ಬರ್ತೀನಿ. ಗಾಡಿ ತಗೊಂಡ ಬರ್ತೀನಿ, ಅದನ್ನೂ ಹೇಳಿರ್ತೀನಿ."

ಆರು ದಿನವೂ ಜಿಲಾನಸಾಬ ಓಣಿಯಲ್ಲೇ ಇದ್ದ. ಕರಿಯವ್ವನ ಗುಂಡಿ ಬಳಿದು ಸಿಮೆಂಟು ಹಾಕಿದ, ನಳವನ್ನು ಗೇಣು ಮೇಲೆತ್ತಿ ಹೊಸ ತಿರುಪು ಕೂರಿಸಿದ. ಶಹನಾಜಬೇಗಂಳ ಕೋಳಿಗೂಡಿನ ಹಿಂದಿನ ಮೋಟರು ಹೊರಗೆ ಬಂತು. ಮತ್ತೂ ಏಳು ಮನೆಗಳವು ಬಂದವು. ಒಬ್ಬರು, ಈ ಸಲ ಹಚ್ಚುವುದಿಲ್ಲ, ಆಮೇಲೆ ನೋಡೋಣ ಎಂದರು. ಗೋಣೆಪ್ಪ ಅದನ್ನೂ ಹೇಳಲಿಲ್ಲ.

ನೀರಿನ ದಿನ ಬೆಳಿಗ್ಗೆ ಮುದುಕಮ್ಮ ಬಂದಳು. ದೀಪಿಕಾಳ ಚೀಲ ಹೊಸಿಲಿನ ಹತ್ತಿರ ಕಟ್ಟಿ ಇಟ್ಟಿತ್ತು. ನೀರು ಬಿಟ್ಟರು. ಅನುಸೂಯಾಳ ನಳದಲ್ಲಿ ಬೆರಳು ಗಾತ್ರದ ಧಾರೆ, ಗೋವಿಂದರಾಜ ಗೊಣಗುತ್ತಲೇ ಕೊಡ ಹಿಡಿದ. ಅನುಸೂಯಾ ಖಾಲಿ ಕೊಡ ಕಂಕುಳಲ್ಲಿಟ್ಟುಕೊಂಡು ಬೀದಿಯಲ್ಲಿ ಕಿವಿಗೊಟ್ಟು ನಿಂತಳು. ಓಣಿ ಎಂದೂ ಇಷ್ಟು ಸುಮ್ಮನಿರಲಿಲ್ಲ. ಆದರೆ ಎದುರುಮನೆಯಿಂದ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ಅವಳು ಹೋಗಿ ಗೋಣೆಪ್ಪನ ಬಾಗಿಲ ಮುಂದೆ ನಿಂತಳು. ಕರೆಯಲಿಲ್ಲ, ಬೈಯಲಿಲ್ಲ. ಶಹನಾಜಬೇಗಂಳೂ ಬಂದು ಪಕ್ಕದಲ್ಲಿ ನಿಂತಳು. ಗೋಣೆಪ್ಪ ಕಿಟಕಿಯಿಂದ ಒಮ್ಮೆ ನೋಡಿದ, ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು.

"ಎಮ್ಮಿಗಿ ಎರಡ ಕೊಡಾ ನೀವ ಕೊಡಬೇಕ ನೋಡ್ರಿ ಮತ್ತ" ಎಂದು ಒಳಗಿನಿಂದಲೇ ಕೂಗಿದ.

"ಕೊಡ್ತೀವಿ ಬಿಡಪಾ" ಎಂದಳು ಅನುಸೂಯಾ.

ತುದಿಯಿಂದ ಕರಿಯವ್ವ ಕೂಗಿದ್ದು ಆಗಲೇ. ಅನುಸೂಯಾ ಓಡಿದಳು. ಮುದುಕಮ್ಮನೂ ಸೀರೆಯ ನಿರಿಗೆ ಎತ್ತಿ ಹಿಡಿದು ಹಿಂದೆಯೇ ಬಂದಳು. ನಳ ಮೊದಲು ಕೆಮ್ಮಿತು, ಗಾಳಿ ಬಿಟ್ಟಿತು, ಕೆಂಪು ನೀರು ಉಗುಳಿತು. ಆಮೇಲೆ ತಿಳಿಯಾದ ನೀರು ಸಣ್ಣಗೆ, ಎಡೆಬಿಡದೆ ಬೀಳತೊಡಗಿತು. ಐದು ವರ್ಷದಿಂದ ನಳದ ಕೆಳಗೆ ಕೊಡ ಇಡುವ ರೂಢಿಯೇ ತಪ್ಪಿತ್ತು; ಕರಿಯವ್ವ ಎರಡೂ ಕೈ ಬೊಗಸೆ ಮಾಡಿ ನೀರು ಹಿಡಿಯುತ್ತಿದ್ದಳು. ಬೊಗಸೆ ತುಂಬಿ ಚೆಲ್ಲಿಹೋಗುತ್ತಿತ್ತು. ಅನುಸೂಯಾ ಕಂಕುಳಲ್ಲಿದ್ದ ಕೊಡವನ್ನು ಅವಳ ಕೈಗಳ ಕೆಳಗೆ ಇಟ್ಟಳು.

ಕೊಡ ತುಂಬಲು ಬಹಳ ಹೊತ್ತು ಹಿಡಿಯಿತು. ಯಾರ ಅವಸರವೂ ಇರಲಿಲ್ಲ. ತುಂಬಿದ ಮೇಲೆ ಮುದುಕಮ್ಮ ಬಾಗಿ ಮೂಸಿದಳು, ಕೈಯಲ್ಲಿ ಸ್ವಲ್ಪ ತೆಗೆದು ಬೆಳಕಿಗೆ ಹಿಡಿದು ನೋಡಿದಳು.

"ಕೂಸಿಗೆ ಎರಿಯಾಕಿ ಯಾರ್ರಿ?" ಎಂದು ಕೇಳಿದಳು.

"ಈಕಿನ, ಕರಿಯವ್ವ."

"ಎರಿಯಾಕಿ ನಳದಾಗೂ ತಿಳಿ ನೀರ ಬಂತು. ಹಂಗಾರ ಹುಡುಗಿ ಇಲ್ಲೇ ಇರಲಿ. ಚೀಲಾ ಒಳಗ ಇಡಸ್ರಿ."

ಅನುಸೂಯಾ ತುಂಬಿದ ಕೊಡವನ್ನು ಎತ್ತಿ ಕರಿಯವ್ವನ ಹೊಸಿಲೊಳಗೆ ಇಡಲು ಹೋದಳು. ಕರಿಯವ್ವ ಅಡ್ಡ ನಿಂತು ಕೊಡವನ್ನು ತಡೆದಳು.

"ಇದು ದೀಪಿಕಾಗ. ಹೋಗಿ ಎರಿ."

"ಬ್ಯಾಡ ಕರಿಯವ್ವಾ. ಐದ ವರ್ಸದ ಮ್ಯಾಲ ಬಂದ ಮೊದಲನೇ ಕೊಡ. ನೀ ಇಟ್ಕೋ."

"ತಗೊಂಡ ಹೋಗ ತಂಗಿ" ಎಂದಳು ಕರಿಯವ್ವ. "ನಂಗ ಎರಡನೇದು ಬರತೈತಲ್ಲ."

ಅವಳು ತಿರುಗಿ ನಳದ ಕೆಳಗೆ ನೋಡಿದಳು. ಅಲ್ಲಿ ಏನೂ ಇಟ್ಟಿರಲಿಲ್ಲ, ನೀರು ಸಿಮೆಂಟಿನ ಮೇಲೆ ಬೀಳುತ್ತಿತ್ತು. ಇದ್ದ ಒಂದೇ ಕೊಡ ಬೋರಿನ ಸಾಲಿನಲ್ಲಿತ್ತು. "ಅಯ್ಯ ಸುಡ್ಲಿ, ಮನ್ಯಾಗ ಖಾಲಿ ಕೊಡಾನ ಇಲ್ಲಲ್ಲ!" ಎಂದು ತಲೆಗೆ ಕೈ ಹೊಡೆದುಕೊಂಡಳು. ಅನುಸೂಯಾ ತನ್ನ ಕೈಯಲ್ಲಿದ್ದ ಕೊಡವನ್ನು ಮುದುಕಮ್ಮನಿಗೆ ಕೊಟ್ಟು, ಇನ್ನೊಂದು ತರಲು ಮನೆಯ ಕಡೆ ಓಡಿದಳು.